ಆಡಿದವರು, ಆಡಿಸಿದವರು: ಪಿ.ಕೆ. ಬ್ಯಾನರ್ಜಿ

ಕಿರುತೆರೆಯಲ್ಲಿ ಫುಟ್‌ಬಾಲ್ ಪಂದ್ಯ ನೋಡುವಾಗ ನಿಮ್ಮ ಕಣ್ಣು ಚೆಂಡಿನ ಬೆನ್ನು ಹತ್ತಿ ಓಡುತ್ತದೆ. ನಮ್ಮ ಕ್ಯಾಮೆರಾ ಮಾಡುವುದೂ ಅದನ್ನೇ. ಮೈದಾನದ ಗೆರೆಯಾಚೆ ನಿಂತು ಕೈ ಬೀಸುವ, ಕೂಗಿ ಸೂಚನೆ ಕೊಡುವ ವ್ಯಕ್ತಿ ತೆರೆಗೆ ಬರುವುದು ಕೆಲವೇ ಕ್ಷಣ. ಅವರೇ ಕೋಚ್, ಅಂದರೆ ತರಬೇತುದಾರ. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಆಡಿಸಬಲ್ಲರೆ? ಭಾರತದ ಫುಟ್‌ಬಾಲ್ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಪ್ರದೀಪ್ ಕುಮಾರ್ ಬ್ಯಾನರ್ಜಿಯವರ ಬದುಕನ್ನು ನೋಡಬೇಕು. ದೇಶವೆಲ್ಲ ಅವರನ್ನು ‘ಪಿ.ಕೆ.’ ಎಂದೇ ಕರೆಯಿತು.

ರೈಲ್ವೆಯ ಆಟಗಾರ

ಪಿ.ಕೆ. ಹುಟ್ಟಿದ್ದು 1936ರ ಜೂನ್ 23ರಂದು, ಉತ್ತರ ಬಂಗಾಳದ ಜಲಪಾಯಿಗುರಿ ಸೀಮೆಯಲ್ಲಿ. ಬೆಳೆದದ್ದು ಉಕ್ಕಿನ ನಗರ ಜಮ್ಶೆಡ್‌ಪುರದಲ್ಲಿ. ಹದಿಹರೆಯದಲ್ಲೇ ಬಿಹಾರದ ಪರವಾಗಿ ಸಂತೋಷ್ ಟ್ರೋಫಿ ಆಡಿದರು. 1954ರಲ್ಲಿ ಕಲ್ಕತ್ತಾಗೆ ಬಂದು ಆರ್ಯನ್ ಕ್ಲಬ್ ಸೇರಿದರು. ಮರುವರ್ಷ ಈಸ್ಟರ್ನ್ ರೈಲ್ವೆ ತಂಡಕ್ಕೆ ಹೋದವರು ಆಟ ಬಿಡುವವರೆಗೂ ಅಲ್ಲಿಯೇ ಉಳಿದರು.

ಕಲ್ಕತ್ತಾದ ಫುಟ್‌ಬಾಲ್ ಎಂದರೆ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ಕ್ಲಬ್‌ಗಳ ಆಟ ಎಂದು ಎಲ್ಲರೂ ನಂಬಿದ್ದ ಕಾಲವದು. ಆ ನಂಬಿಕೆಯನ್ನು ಮುರಿದು 1958ರಲ್ಲಿ ಈಸ್ಟರ್ನ್ ರೈಲ್ವೆ ಲೀಗ್ ಗೆದ್ದಿತು. ಮೂರು ಕ್ಲಬ್‌ಗಳ ಹೊರಗಿನ ತಂಡವೊಂದು ಮತ್ತೆ ಆ ಪ್ರಶಸ್ತಿ ಗೆದ್ದದ್ದು 2019ರಲ್ಲಿ. ಆ ಗೆಲುವು ಎಷ್ಟು ದೊಡ್ಡದೆಂದು ನೀವೇ ಲೆಕ್ಕ ಹಾಕಿ.

ಪಿ.ಕೆ. ಅವರ ಸ್ಥಾನ ಮೈದಾನದ ಬಲ ಅಂಚು. ವೇಗವಾಗಿ ನುಗ್ಗಿ ಬಲವಾಗಿ ಹೊಡೆಯುವುದು ಅವರ ಶೈಲಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಕೊನೆಗೆ ನಾಲ್ಕನೆಯ ಸ್ಥಾನ ಪಡೆದಾಗ ಅವರು ತಂಡದಲ್ಲಿದ್ದರು. 1960ರ ರೋಮ್ ಒಲಿಂಪಿಕ್ಸ್‌ಗೆ ಅವರೇ ನಾಯಕ. ಅಲ್ಲಿ ಫ್ರಾನ್ಸ್ ಜೊತೆಗಿನ ಪಂದ್ಯ 1-1ರಲ್ಲಿ ಮುಗಿಯಿತು. ಭಾರತದ ಗೋಲು ಪಿ.ಕೆ. ಅವರದು.

ಜಕಾರ್ತ ಕಲಿಸಿದ ಪಾಠ

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಕತೆಯನ್ನು ನೀವು ತಿಳಿಯಲೇಬೇಕು. ಆತಿಥೇಯ ಇಂಡೋನೇಷ್ಯ ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಹೊರಗಿಟ್ಟಿತ್ತು. ಭಾರತದ ಹಿರಿಯ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಇದನ್ನು ವಿರೋಧಿಸಿದರು. ಜನರ ಸಿಟ್ಟು ಭಾರತದ ಮೇಲೆ ತಿರುಗಿತು. ನಮ್ಮ ಆಟಗಾರರು ಮೈದಾನಕ್ಕಿಳಿದರೆ ಪ್ರೇಕ್ಷಕರು ಕೂಗಿ ಹೀಯಾಳಿಸುತ್ತಿದ್ದರು. ಸಾಲದ್ದಕ್ಕೆ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಎದುರು 0-2ರ ಸೋಲು.

ತಂಡದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲಾ ಶಿಕ್ಷಕರು. ಪ್ರಮುಖ ರಕ್ಷಕ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮ್ ಅವರನ್ನು ಸುಮ್ಮನೆ ಕೂರಿಸಲಿಲ್ಲ, ದಾಳಿಯ ಸಾಲಿಗೆ ಕಳಿಸಿದರು! ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯ. ಮೊದಲ ಗೋಲು ಪಿ.ಕೆ., ಎರಡನೆಯದು ಜರ್ನೈಲ್. 2-1ರಿಂದ ಗೆದ್ದ ಭಾರತಕ್ಕೆ ಚಿನ್ನ. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅರುಮೈನಾಯಗಂ ಕೂಡ ಇದ್ದರು ಎಂಬುದನ್ನು ಮರೆಯಬೇಡಿ.

ಮರುವರ್ಷ ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೋಚ್ ಒಬ್ಬನ ಯೋಚನೆ ಪಂದ್ಯದ ಗತಿಯನ್ನೇ ಬದಲಿಸಬಲ್ಲದು ಎಂಬುದನ್ನು ಪಿ.ಕೆ. ಕಣ್ಣಾರೆ ಕಂಡಿದ್ದರು.

ಮಾತೆಂಬ ಟಾನಿಕ್

1967ರಲ್ಲಿ ಪಿ.ಕೆ. ಆಟದಿಂದ ನಿವೃತ್ತರಾದರು. ಹಳೆಯ ಕೀರ್ತಿಯನ್ನೇ ನೆಚ್ಚಿ ಅವರು ಕೋಚ್ ಆಗಲಿಲ್ಲ. 1969ರಲ್ಲಿ ಜಪಾನಿಗೆ ಹೋಗಿ ಜರ್ಮನಿಯ ಡೆಟ್ಮಾರ್ ಕ್ರಾಮರ್ ನಡೆಸಿದ ಫಿಫಾ ತರಬೇತಿ ಶಿಬಿರದಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಒಲಿಂಪಿಕ್ ನಾಯಕರಾಗಿದ್ದವರು ಮತ್ತೆ ಪಾಠಕ್ಕೆ ಕೂರುವುದು ಸಣ್ಣ ಮಾತಲ್ಲ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಜಿ.ಎಂ.ಎಚ್. ಬಾಷಾ ಅವರೊಡನೆ ತರಬೇತಿಯ ಹೊಣೆ ಹೊತ್ತರು. ಭಾರತಕ್ಕೆ ಕಂಚು ಬಂತು.

1972ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. 1975ರ ಐ.ಎಫ್.ಎ. ಶೀಲ್ಡ್ ಫೈನಲ್‌ನಲ್ಲಿ ಅವರ ತಂಡ ಬದ್ಧ ಎದುರಾಳಿ ಮೋಹನ್ ಬಾಗಾನನ್ನು 5-0ರಿಂದ ಮಣಿಸಿತು. ಮರುವರ್ಷ ಸೋತ ತಂಡವೇ ಅವರನ್ನು ಕರೆಸಿಕೊಂಡಿತು! 1977ರ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡಿದ ನ್ಯೂಯಾರ್ಕ್ ಕಾಸ್ಮಾಸ್ ತಂಡವನ್ನು ಮೋಹನ್ ಬಾಗಾನ್ 2-2ರಲ್ಲಿ ತಡೆಯಿತು. ಪೆಲೆಗೆ ಒಂದೂ ಗೋಲು ಸಿಗಲಿಲ್ಲ. ಅದೇ ಋತುವಿನಲ್ಲಿ ಶೀಲ್ಡ್, ರೋವರ್ಸ್, ಡ್ಯುರಾಂಡ್ ಮೂರೂ ಪ್ರಶಸ್ತಿಗಳನ್ನು ಅದು ಗೆದ್ದಿತು.

ಪಂದ್ಯಕ್ಕೆ ಮುಂಚೆ ಪಿ.ಕೆ. ಆಟಗಾರರೊಡನೆ ಆಡುತ್ತಿದ್ದ ಹುರಿದುಂಬಿಸುವ ಮಾತಿಗೆ ಕಲ್ಕತ್ತಾ ‘ವೋಕಲ್ ಟಾನಿಕ್’ ಎಂದು ಹೆಸರಿಟ್ಟಿತ್ತು. ಆದರೆ ಬರೀ ಮಾತಿನಿಂದ ಗೋಲು ಬರುವುದಿಲ್ಲ. 1997ರ ಜುಲೈ 13ರ ಫೆಡರೇಷನ್ ಕಪ್ ಸೆಮಿಫೈನಲ್ಲನ್ನೇ ನೋಡಿ. ಮೋಹನ್ ಬಾಗಾನ್ ಕೋಚ್ ಅಮಲ್ ದತ್ತಾ ‘ಡೈಮಂಡ್’ ಎಂಬ ಬಿರುಸಿನ ದಾಳಿಯ ವ್ಯೂಹ ರಚಿಸಿ ಹೆಸರಾಗಿದ್ದರು. ಪಂದ್ಯಕ್ಕೆ ಮೊದಲು ಈಸ್ಟ್ ಬೆಂಗಾಲ್ ಆಟಗಾರರನ್ನು ಗೇಲಿಯನ್ನೂ ಮಾಡಿದ್ದರು. ಆ ಗೇಲಿಯೇ ಪಿ.ಕೆ. ಅವರಿಗೆ ಟಾನಿಕ್ ಆಯಿತು. ಇನ್ನುಳಿದದ್ದು ಸರಳ ಲೆಕ್ಕ: ಹೆಚ್ಚು ಜನ ದಾಳಿಗೆ ಹೋದಷ್ಟೂ ಹಿಂದೆ ಜಾಗ ಖಾಲಿಯಾಗುತ್ತದೆ. ಆ ಜಾಗಕ್ಕೆ ನುಗ್ಗಬಲ್ಲ ಬೈಚುಂಗ್ ಭುಟಿಯಾ ಅವರ ತಂಡದಲ್ಲಿದ್ದರು. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸುಮಾರು 1 ಲಕ್ಷ 31 ಸಾವಿರ ಜನರ ಎದುರು ಭುಟಿಯಾ ಹ್ಯಾಟ್ರಿಕ್ ಹೊಡೆದರು. ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು.

ಗೆಲ್ಲಲಾಗದ ಪಂದ್ಯ

ಇಷ್ಟೆಲ್ಲ ಗೆದ್ದವರು ಭಾರತ ತಂಡವನ್ನು ಮತ್ತೆ ಏಷ್ಯದ ಶಿಖರಕ್ಕೆ ಏರಿಸಲು ಏಕೆ ಆಗಲಿಲ್ಲ? 1982ರ ದೆಹಲಿ ಏಷ್ಯಾಡ್‌ನಲ್ಲಿ ಅವರ ತಂಡ ಕ್ವಾರ್ಟರ್‌ಫೈನಲ್‌ನಲ್ಲಿ ಸೌದಿ ಅರೇಬಿಯಕ್ಕೆ 0-1ರಿಂದ ಸೋತಿತು. ಕ್ಲಬ್ ಕೋಚ್‌ಗೆ ಆಟಗಾರರು ವರ್ಷವಿಡೀ ಸಿಗುತ್ತಾರೆ. ದೇಶದ ತಂಡದ ಕೋಚ್‌ಗೆ ಬೇರೆಯವರು ಬೆಳೆಸಿದ ಆಟಗಾರರು ಕೆಲವೇ ದಿನ ಸಿಗುತ್ತಾರೆ. ಅಂತರರಾಷ್ಟ್ರೀಯ ಪಂದ್ಯ 90 ನಿಮಿಷದ್ದು. ನಮ್ಮಲ್ಲಿ ಬಹುಕಾಲ ಲೀಗ್ ಪಂದ್ಯಗಳು 70 ನಿಮಿಷಕ್ಕೇ ಮುಗಿಯುತ್ತಿದ್ದವು. ಆ ಕೊನೆಯ 20 ನಿಮಿಷಕ್ಕೆ ಬೇಕಾದ ಕಸುವನ್ನು ಯಾವ ಮಾತೂ ಒಂದು ರಾತ್ರಿಯಲ್ಲಿ ತುಂಬಲಾರದು. ಅದು ಹತ್ತು ಹನ್ನೆರಡನೆಯ ವಯಸ್ಸಿನಿಂದ ಕೂಡಿಸಬೇಕಾದ ಗಂಟು.

1990ರ ದಶಕದಲ್ಲಿ ಪಿ.ಕೆ. ತಾವು ಬೆಳೆದ ಜಮ್ಶೆಡ್‌ಪುರಕ್ಕೇ ಮರಳಿ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಹುಡುಗರನ್ನು ತಯಾರು ಮಾಡಲು ನಿಂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರೋಗಕ್ಕೆ ಮದ್ದು ಬೇರಿನಲ್ಲಿದೆ ಎಂದು ಅವರಿಗೆ ಗೊತ್ತಿತ್ತು.

1961ರಲ್ಲಿ ಅರ್ಜುನ ಪ್ರಶಸ್ತಿ, 1990ರಲ್ಲಿ ಪದ್ಮಶ್ರೀ, 2004ರಲ್ಲಿ ಫಿಫಾದ ಶತಮಾನೋತ್ಸವ ಗೌರವ ಅವರಿಗೆ ಸಂದವು. 2020ರ ಮಾರ್ಚ್ 20ರಂದು, 83ನೆಯ ವಯಸ್ಸಿನಲ್ಲಿ ಅವರು ಕಲ್ಕತ್ತಾದಲ್ಲಿ ನಿಧನರಾದರು. ಜಕಾರ್ತದ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಬಂದಿಲ್ಲ. ಅದು ಬರಬೇಕಾದರೆ ನಿಮ್ಮ ಶಾಲೆಯ ಮೈದಾನದಲ್ಲಿ ಸೀಟಿ ಹಿಡಿದು ನಿಂತಿರುವ ಮೇಷ್ಟರಿಗೂ ಅದರಲ್ಲಿ ಪಾಲಿದೆ. ರಹೀಮ್ ಸಾಹೇಬರೂ ಒಬ್ಬ ಶಾಲಾ ಮೇಷ್ಟರೇ ಆಗಿದ್ದರಲ್ಲವೆ?