ಅಲ್ಟ್ರಾಲೈಟ್ ವಿಮಾನ ಹಾರಿಸೋ ಆಸೆಯೇ? ದುಡ್ಡು ಕಟ್ಟುವ ಮುನ್ನ ಇಷ್ಟು ತಿಳಿದುಕೊಳ್ಳಿ

ಹೊಲದ ಬದುವಿನ ಪಕ್ಕದಿಂದಲೇ ಪುಟ್ಟ ವಿಮಾನವೊಂದು ಬುರ್‌ ಎಂದು ಮೇಲೇಳುತ್ತದೆ. 'ಲೈಸೆನ್ಸ್ ಬೇಕಿಲ್ಲ, ರಿಜಿಸ್ಟ್ರೇಷನ್ ಬೇಕಿಲ್ಲ' ಅಂತ ಹಾರಿಸುವವನೇ ಹೇಳುತ್ತಾನೆ. ಮೊಬೈಲ್‌ನಲ್ಲಿ ಇಂಥ ವಿಡಿಯೊ ನೋಡಿದವರಿಗೆ 'ನಮ್ಮೂರಲ್ಲೂ ಯಾಕಾಗಬಾರದು' ಅನ್ನಿಸುವುದು ಸಹಜ. ಆದರೆ ಆತ ಹೇಳುತ್ತಿರುವುದು ಅಮೆರಿಕದ ಕಾನೂನು. ಇಲ್ಲಿನ ಲೆಕ್ಕವೇ ಬೇರೆ.

ಏನಿದು ಅಲ್ಟ್ರಾಲೈಟ್?

ಅಮೆರಿಕದಲ್ಲಿ 1982ರಿಂದ ಇರುವ ನಿಯಮದ ಪ್ರಕಾರ ಎಂಜಿನ್ ಇರುವ ಅಲ್ಟ್ರಾಲೈಟ್‌ಗೆ ಒಂದೇ ಸೀಟು. ಖಾಲಿ ತೂಕ ಸುಮಾರು 115 ಕೆ.ಜಿ. ಒಳಗಿರಬೇಕು, ಅಂದರೆ ಹೆಚ್ಚುಕಮ್ಮಿ ಒಂದು ಸಾಮಾನ್ಯ ಬೈಕಿನಷ್ಟು. ಪೆಟ್ರೋಲ್ 19 ಲೀಟರ್‌ ಮೀರುವಂತಿಲ್ಲ. ವೇಗದ ಮಿತಿ ಗಂಟೆಗೆ ಸುಮಾರು 102 ಕಿ.ಮೀ. ಅಲ್ಲೂ ಕತ್ತಲಾದ ಮೇಲೆ, ಜನವಸತಿ ಮೇಲೆ ಹಾರುವಂತಿಲ್ಲ.

ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರು 'ಮೈಕ್ರೋಲೈಟ್'. ಗರಿಷ್ಠ ಎರಡು ಸೀಟು. ಜನ, ಪೆಟ್ರೋಲ್ ಎಲ್ಲಾ ಸೇರಿ ತೂಕ 450 ಕೆ.ಜಿ. ಮಿತಿ. ಇದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ವ್ಯಾಪ್ತಿಗೆ ಬರುತ್ತದೆ. 'ವಿಟಿ' ಅಕ್ಷರಗಳಿಂದ ಶುರುವಾಗುವ ನೋಂದಣಿ ಸಂಖ್ಯೆ, ಹಾರಿಸುವವರಿಗೆ ಲೈಸೆನ್ಸ್, ಹಾರಾಟಕ್ಕೆ ಅನುಮತಿ ಎಲ್ಲವೂ ಬೇಕು. ಜಮೀನು ನಮ್ಮದು ಅಂದ ಮಾತ್ರಕ್ಕೆ ಮೇಲಿನ ಆಕಾಶವೂ ನಮ್ಮದಾಗುವುದಿಲ್ಲ.

ಎರಡು ಬಗೆ

ಒಂದು, 'ಟ್ರೈಕ್'. ಮೂರು ಚಕ್ರದ ತೊಟ್ಟಿಲಿನಂಥ ಸೀಟು, ಮೇಲೆ ಬಟ್ಟೆಯ ತ್ರಿಕೋನ ರೆಕ್ಕೆ, ಹಿಂದೆ ಎಂಜಿನ್. ಕೈಯಲ್ಲಿರುವ ಅಡ್ಡ ಸರಳನ್ನು ಮುಂದೆ ತಳ್ಳಿದರೆ ಮೂತಿ ಮೇಲೇಳುತ್ತದೆ. ಇನ್ನೊಂದು, ಬಾಲ ಇರುವ ಮಾಮೂಲಿ ವಿಮಾನದ ಆಕಾರದ್ದು. ಇದರಲ್ಲಿ ಸ್ಟಿಕ್ ಮುಂದೆ ತಳ್ಳಿದರೆ ಮೂತಿ ಕೆಳಗಿಳಿಯುತ್ತದೆ. ಅಂದರೆ ಎರಡೂ ತದ್ವಿರುದ್ಧ. ಒಂದರಲ್ಲಿ ಕಲಿತವರು ತರಬೇತಿ ಇಲ್ಲದೆ ಇನ್ನೊಂದನ್ನು ಹತ್ತಿದರೆ, ಗಾಬರಿಯ ಕ್ಷಣದಲ್ಲಿ ಕೈ ಹಳೇ ಅಭ್ಯಾಸಕ್ಕೇ ಹೋಗುತ್ತದೆ. ಅಲ್ಲೇ ಅಪಾಯ.

ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್ ತಯಾರಿಸಿದ ಎರಡನೇ ಬಗೆಯ 'ಎಕ್ಸ್-ಏರ್' ವಿಮಾನಗಳು ಫ್ರಾನ್ಸ್, ಬ್ರಿಟನ್‌ ಆಕಾಶದಲ್ಲೂ ಹಾರಿವೆ.

ಕಲಿಯೋದು ಹೇಗೆ?

ವಯಸ್ಸು 16 ತುಂಬಿ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಮೊದಲು ಸಿಗುವುದು ವಿದ್ಯಾರ್ಥಿ ಪೈಲಟ್ ಲೈಸೆನ್ಸ್. ವೈದ್ಯಕೀಯ ತಪಾಸಣೆಯೂ ಇರುತ್ತದೆ. ಈ ಹಂತದಲ್ಲಿ ಗೆಳೆಯರನ್ನೋ ಮನೆಯವರನ್ನೋ ಕೂರಿಸಿಕೊಂಡು ಹಾರುವಂತಿಲ್ಲ. ವಾಯು ನಿಯಮ, ದಿಕ್ಕು ಕಂಡುಹಿಡಿಯುವುದು, ಹವಾಮಾನ, ಎಂಜಿನ್ ಇವೆಲ್ಲ ಓದಿ ಪರೀಕ್ಷೆ ಬರೆಯಬೇಕು. ಬ್ರಿಟನ್‌ನಲ್ಲಿ ಮೈಕ್ರೋಲೈಟ್‌ನ ಪೂರ್ಣ ಲೈಸೆನ್ಸ್‌ಗೆ ಕನಿಷ್ಠ 25 ಗಂಟೆ ಹಾರಾಟ ಬೇಕು, ಅದರಲ್ಲಿ 10 ಗಂಟೆ ಒಬ್ಬರೇ ಹಾರಿಸಿರಬೇಕು. ಎರಡೇ ದಿನದಲ್ಲಿ ಪೈಲಟ್ ಮಾಡ್ತೀವಿ ಅನ್ನುವವರ ಮಾತನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಿ.

ಖರ್ಚಿಲ್ಲದ ದಾರಿಯೂ ಒಂದಿದೆ: ಎನ್‌ಸಿಸಿ ವಾಯು ವಿಭಾಗ. ಇಲ್ಲಿ ಕೆಡೆಟ್‌ಗಳಿಗೆ ಮೈಕ್ರೋಲೈಟ್ ಹಾರಾಟದ ಅನುಭವ ಸಿಗುತ್ತದೆ. 2015ರಲ್ಲಿ ವಾಯುಪಡೆ, ನೌಕಾಪಡೆ, ಎನ್‌ಸಿಸಿಗೆಂದು ಸ್ಲೊವೇನಿಯಾದ ಪಿಪಿಸ್ಟ್ರೆಲ್ ಕಂಪನಿಯಿಂದ 194 ಮೈಕ್ರೋಲೈಟ್ ಕೊಳ್ಳಲು ಒಪ್ಪಂದವಾಗಿತ್ತು. ಮಕ್ಕಳಿಗೆ ಆಸೆ ಇದ್ದರೆ ಕಾಲೇಜು ಸೇರಿಸುವಾಗಲೇ ಅಲ್ಲಿ ಏರ್ ವಿಂಗ್ ಇದೆಯಾ ಎಂದು ವಿಚಾರಿಸುವುದು ಒಳ್ಳೆಯದು.

ಎಂಜಿನ್ ನಿಂತರೆ?

ಹಳೇ ಮಾದರಿಗಳಲ್ಲಿ ಹೆಚ್ಚಾಗಿ ಕಾಣುವ ರೋಟಾಕ್ಸ್ 582, ಆರ್‌ಎಕ್ಸ್ 100 ಬೈಕಿನ ಹಾಗೆ ಟೂ-ಸ್ಟ್ರೋಕ್ ಎಂಜಿನ್. 300 ಗಂಟೆ ಓಡಿದರೆ ಪೂರ್ತಿ ಬಿಚ್ಚಿ ದುರಸ್ತಿ ಮಾಡಿಸಬೇಕು. ಫೋರ್-ಸ್ಟ್ರೋಕ್ ರೋಟಾಕ್ಸ್ 912 ದುಬಾರಿ, ಆದರೆ ಈಗ ಬರುವವಕ್ಕೆ ಆ ಅವಧಿ 2000 ಗಂಟೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬಣ್ಣ ನೋಡುವ ಮೊದಲು ಎಂಜಿನ್ ಎಷ್ಟು ಗಂಟೆ ಓಡಿದೆ ಎಂಬ ದಾಖಲೆ ಪುಸ್ತಕ ನೋಡಬೇಕು.

ಎಂಜಿನ್ ನಿಂತ ಕೂಡಲೇ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತಾ ಇಳಿಯುತ್ತದೆ. ಆದರೆ ಇಳಿಯಲು ಬಯಲು ಬೇಕು. ತೆಂಗಿನ ತೋಟ, ಕರೆಂಟ್ ತಂತಿ, ಊರಿನ ಮನೆಗಳ ಮೇಲಿದ್ದರೆ ಜಾಗ ಎಲ್ಲಿ? ಅದಕ್ಕೇ ಹಾರುವಷ್ಟು ಹೊತ್ತೂ ಇಳಿಯಬಹುದಾದ ಒಂದು ಬಯಲಿನ ಮೇಲೆ ಕಣ್ಣಿಡಬೇಕು ಎಂದು ಮೊದಲೇ ಕಲಿಸುತ್ತಾರೆ. ಹಗುರ ವಿಮಾನಕ್ಕೆ ಗಾಳಿಯೂ ಶತ್ರು. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಬಿಸಿಗಾಳಿ ವಿಮಾನವನ್ನು ಎತ್ತಿ ಕುಕ್ಕುತ್ತದೆ. ಹಾಗಾಗಿ ಬೆಳಗಿನ ಜಾವ, ಇಲ್ಲವೇ ಸಂಜೆ ಹಾರುವುದೇ ರೂಢಿ.

ಏನು ಉಪಯೋಗ?

ನಿಧಾನವಾಗಿ, ತಗ್ಗಿನಲ್ಲಿ ಹಾರಬಲ್ಲದು ಎಂಬುದೇ ಇದರ ಬಲ. ಅಮೆರಿಕದಲ್ಲಿ 2001ರಿಂದ 2015ರವರೆಗೆ, ಅಳಿವಿನಂಚಿನ ಕೊಕ್ಕರೆ ಜಾತಿಯ ಹಕ್ಕಿಮರಿಗಳಿಗೆ ಅಲ್ಟ್ರಾಲೈಟ್ ಮುಂದೆ ಹಾರಿ ವಿಸ್ಕಾನ್ಸಿನ್‌ನಿಂದ ಫ್ಲಾರಿಡಾಕ್ಕೆ ವಲಸೆ ದಾರಿ ಕಲಿಸಲಾಯಿತು. ಆದರೆ ಔಷಧಿ ಸಿಂಪಡಣೆ, ಜಮೀನಿನ ಫೋಟೊದಂಥ ಕೆಲಸಕ್ಕೆ ರೈತರಿಗೆ ಈಗ ಡ್ರೋನ್ ಸೇವೆಯೇ ಸಲೀಸು. ಇನ್ನು ಅಂಗಡಿಯ ಪಾಂಪ್ಲೆಟ್ ಮೇಲಿನಿಂದ ಉದುರಿಸೋಣ ಅನ್ನುವವರಿಗೆ ಒಂದು ಮಾತು: ಅನುಮತಿಯಿಲ್ಲದೆ ವಿಮಾನದಿಂದ ಹಾಗೆ ಏನನ್ನೂ ಕೆಳಗೆ ಹಾಕುವಂತಿಲ್ಲ.

ಹಣ ಕೊಡುವ ಮುನ್ನ ಕೇಳಿ

• ವಿಮಾನದ 'ವಿಟಿ' ನಂಬರ್ ಯಾವುದು? ಹಾರಾಟ ಪರವಾನಗಿಗೆ ಅವಧಿ ಉಳಿದಿದೆಯೇ?
• ಕಲಿಸುವವರ ಲೈಸೆನ್ಸ್ ತೋರಿಸುತ್ತಾರೆಯೇ?
• ವಿಮೆ ಇದೆಯೇ? ಕೂರುವವರಿಗೂ ಅನ್ವಯವೇ?
• ಹಾರುವ ಜಾಗಕ್ಕೆ ಅನುಮತಿ ಪತ್ರ ಇದೆಯೇ?

ಒಂದಕ್ಕೂ ಕಾಗದ ತೋರಿಸದೆ ಬರೀ ಬಾಯಲ್ಲಿ 'ಎಲ್ಲಾ ಇದೆ ಸಾರ್' ಅಂದರೆ, ಮೊದಲು ದುಡ್ಡು ಜೇಬಿಗೆ ಹಾಕಿಕೊಂಡು ವಾಪಸ್ ಬನ್ನಿ. ಹಾರುವ ಆಸೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡರೂ ನಷ್ಟವಿಲ್ಲ.