ಒಡೆತನ ಒಬ್ಬರದು, ಅನುಭೋಗ ಇನ್ನೊಬ್ಬರದು: ಟ್ರಸ್ಟ್ ಬೆಳೆದು ಬಂದ ದಾರಿ

ಕರ್ನಾಟಕದ ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ‘ಟ್ರಸ್ಟ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಎಷ್ಟೋ ಶಾಲೆ, ಕಲ್ಯಾಣ ಮಂಟಪ, ವೃದ್ಧಾಶ್ರಮ, ಗೋಶಾಲೆಗಳನ್ನು ನಡೆಸುವವು ಟ್ರಸ್ಟ್‌ಗಳೇ. ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಹಣ ಕಟ್ಟುವವರ ಉಳಿತಾಯವೂ ಕಾನೂನಿನ ಪ್ರಕಾರ ಒಂದು ಟ್ರಸ್ಟ್‌ನೊಳಗೇ ಇರುತ್ತದೆ. ಕೆರೆಯನ್ನು ಉಳಿಸಿ ಎಂದು ಹೈಕೋರ್ಟ್ ಮೆಟ್ಟಿಲೇರುವವರು ಹಿಡಿಯುವುದೂ ಪಬ್ಲಿಕ್ ಟ್ರಸ್ಟ್ ತತ್ವವನ್ನೇ. ಅಮೆರಿಕದಲ್ಲಂತೂ ‘ಟ್ರಸ್ಟ್’ ಎಂಬುದು ಏಕಸ್ವಾಮ್ಯದ ಕಂಪನಿಕೂಟಗಳ ಹೆಸರಾಗಿ, ಕಡೆಗೆ ಅವನ್ನು ಮುರಿಯುವ ಕಾನೂನಿಗೂ ಅಂಟಿಕೊಂಡಿತು. ಇಷ್ಟೆಲ್ಲ ಕವಲುಗಳ ಬುಡದಲ್ಲಿ ಇರುವುದು ಒಂದೇ ನಿಯಮ: ಆಸ್ತಿ ಯಾರ ಕೈಯಲ್ಲಿದೆಯೋ ಅವರು ಅದನ್ನು ತಮಗಾಗಿ ಬಳಸುವಂತಿಲ್ಲ. ಪ್ರತಿಯೊಂದು ಕವಲೂ ಈ ನಿಯಮವನ್ನು ಎಷ್ಟು ಉಳಿಸಿಕೊಂಡಿದೆ ಎಂಬುದೇ ಅದರ ನಿಜವಾದ ಪರೀಕ್ಷೆ.

ಆತ್ಮಸಾಕ್ಷಿಯ ನ್ಯಾಯಾಲಯ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಜಮೀನನ್ನು ಉಯಿಲು ಬರೆದು ಕೊಡಲು ಕಾನೂನಿನಲ್ಲಿ ಅವಕಾಶವಿರಲಿಲ್ಲ. ಒಡೆಯ ಸತ್ತು ವಾರಸುದಾರನಿಗೆ ಹಕ್ಕು ಬರುವಾಗ ದೊರೆಗೋ ಮೇಲಿನ ಜಮೀನುದಾರನಿಗೋ ಕಾಣಿಕೆ ಸಲ್ಲಬೇಕಿತ್ತು. ಇದನ್ನು ತಪ್ಪಿಸಲು ಜನ ಒಂದು ಉಪಾಯ ಹುಡುಕಿದರು. ಜಮೀನನ್ನು ನಂಬಿಕಸ್ಥ ಸ್ನೇಹಿತರ ಹೆಸರಿಗೆ ಮಾಡಿ, ಆದಾಯ ಮಾತ್ರ ತಮಗೂ ತಮ್ಮ ಹೆಂಡತಿ ಮಕ್ಕಳಿಗೂ ಬರುವಂತೆ ಒಪ್ಪಂದ ಮಾಡಿಕೊಂಡರು. ಈ ಏರ್ಪಾಟಿಗೆ ‘ಯೂಸ್’ ಎಂದು ಹೆಸರಾಯಿತು. ಆಸ್ತಿ ಹೊಂದಬಾರದೆಂಬ ವ್ರತವಿದ್ದ ಫ್ರಾನ್ಸಿಸ್ಕನ್ ಸಂನ್ಯಾಸಿಗಳೂ ಬೇರೆಯವರ ಹೆಸರಿನಲ್ಲಿದ್ದ ಮನೆಗಳಲ್ಲಿ ಹೀಗೆಯೇ ನೆಲೆಸಿದರು.

ಸ್ನೇಹಿತ ಮಾತಿಗೆ ತಪ್ಪಿದರೆ? ಸಾಮಾನ್ಯ ನ್ಯಾಯಾಲಯಗಳು ಹೆಸರು ಯಾರದೋ ಅವನೇ ಒಡೆಯ ಎನ್ನುತ್ತಿದ್ದವು. ದಿಕ್ಕು ಕಾಣದವರು ದೊರೆಯ ಚಾನ್ಸಲರ್ ಬಳಿ ಹೋದರು. ಆ ಕಾಲದ ಚಾನ್ಸಲರ್‌ಗಳು ಬಹುತೇಕ ಪಾದ್ರಿಗಳು. ಒಡೆತನದ ಕಾಗದವನ್ನು ಅವರು ತಳ್ಳಿಹಾಕಲಿಲ್ಲ. ‘ಆಸ್ತಿ ನಿನ್ನದೇ ಇರಬಹುದು, ಆದರೆ ಕೊಟ್ಟ ಮಾತು ನಿನ್ನ ಆತ್ಮಸಾಕ್ಷಿಯನ್ನು ಕಟ್ಟಿಹಾಕಿದೆ’ ಎಂಬ ನೆಲೆಯಲ್ಲಿ ಆಜ್ಞೆ ಹೊರಡಿಸಿದರು. ಆದಾಯ ಕಳೆದುಕೊಂಡ ಎಂಟನೇ ಹೆನ್ರಿ 1536ರಲ್ಲಿ ಈ ಪದ್ಧತಿಗೆ ಕಡಿವಾಣ ಹಾಕುವ ಕಾನೂನು ತಂದ. ವಕೀಲರು ಒಂದು ಯೂಸ್‌ನ ಮೇಲೆ ಇನ್ನೊಂದನ್ನು ಹೇರಿ ದಾರಿ ಮಾಡಿಕೊಂಡರು. ಆ ಎರಡನೆಯದನ್ನು ಚಾನ್ಸರಿ ನ್ಯಾಯಾಲಯ 17ನೇ ಶತಮಾನದಲ್ಲಿ ಎತ್ತಿಹಿಡಿಯಿತು. ಇಂದಿನ ಟ್ರಸ್ಟ್ ಬೆಳೆದದ್ದು ಅದರಿಂದಲೇ.

ಟ್ರಸ್ಟಿಯ ಹೊಣೆ ಎಷ್ಟು ಕಟ್ಟುನಿಟ್ಟಿನದು ಎಂಬುದನ್ನು 1726ರ ಕೀಚ್ ವಿರುದ್ಧ ಸ್ಯಾಂಡ್‌ಫರ್ಡ್ ಪ್ರಕರಣ ಹೇಳುತ್ತದೆ. ಲಂಡನ್ ಬಳಿಯ ರಾಮ್‌ಫರ್ಡ್ ಸಂತೆಯ ಗುತ್ತಿಗೆ ಒಂದು ಅಪ್ರಾಪ್ತ ಮಗುವಿಗಾಗಿ ಟ್ರಸ್ಟಿಯ ಕೈಯಲ್ಲಿತ್ತು. ಅವಧಿ ಮುಗಿದಾಗ ಮಾಲೀಕ, ಮಗುವಿನ ಪರವಾಗಿ ಗುತ್ತಿಗೆ ಮುಂದುವರಿಸಲು ಒಪ್ಪಲಿಲ್ಲ. ಟ್ರಸ್ಟಿ ಅದನ್ನು ತನ್ನ ಹೆಸರಿಗೇ ಮಾಡಿಸಿಕೊಂಡ. ಅವನು ಮೋಸ ಮಾಡಿದನೆಂದು ಯಾರೂ ಸಾಬೀತುಪಡಿಸಲಿಲ್ಲ. ಮಗುವಿಗೆ ಆ ಗುತ್ತಿಗೆ ಹೇಗೂ ಸಿಗುವಂತಿರಲಿಲ್ಲ. ಆದರೂ ಚಾನ್ಸಲರ್ ಲಾರ್ಡ್ ಕಿಂಗ್, ಗುತ್ತಿಗೆಯೂ ಅದರ ಲಾಭವೂ ಮಗುವಿಗೇ ಸೇರಬೇಕೆಂದು ತೀರ್ಪಿತ್ತರು. ಲೋಕದ ಬೇರೆ ಯಾರು ಬೇಕಾದರೂ ಆ ಗುತ್ತಿಗೆ ಪಡೆಯಬಹುದು, ಟ್ರಸ್ಟಿ ಮಾತ್ರ ಪಡೆಯುವಂತಿಲ್ಲ ಎಂಬುದು ಅವರ ನಿಲುವು. ಒಬ್ಬ ಪ್ರಾಮಾಣಿಕನಿಗೆ ಸಡಿಲಿಸಿದರೆ ನೂರು ಜನ ಅದೇ ಸಂದಿಯಲ್ಲಿ ನುಸುಳುತ್ತಾರೆ ಎಂಬ ಎಚ್ಚರ ಅದರಲ್ಲಿದೆ. ಟ್ರಸ್ಟ್‌ನ ಇತಿಹಾಸದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ತೀರ್ಪು ಇದು.

ಭಾರತಕ್ಕೆ ಬಂದಾಗ

1882ರ ಭಾರತೀಯ ಟ್ರಸ್ಟ್ ಕಾಯ್ದೆ ಈ ನಿಯಮಗಳನ್ನು ಸಂಹಿತೆಯಾಗಿ ಬರೆಯಿತು. ಆಸ್ತಿಯ ಒಡೆತನಕ್ಕೆ ಅಂಟಿಕೊಂಡ, ನಂಬಿಕೆಯಿಂದ ಹುಟ್ಟಿದ ಹೊಣೆಯೇ ಟ್ರಸ್ಟ್ ಎಂಬುದು ಅದರ ವ್ಯಾಖ್ಯೆಯ ತಿರುಳು. ಟ್ರಸ್ಟ್ ಆಸ್ತಿಯನ್ನು ಸ್ವಂತ ಲಾಭಕ್ಕೆ ಬಳಸಬಾರದೆಂದು 51ನೇ ಸೆಕ್ಷನ್ ಹೇಳುತ್ತದೆ. ಆದರೆ ಈ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗೆ ಮಾತ್ರ. ದೇವಸ್ಥಾನದ ದತ್ತಿ, ವಕ್ಫ್, ಸಾರ್ವಜನಿಕ ಧರ್ಮಕಾರ್ಯಗಳನ್ನು ಅದು ಹೊರಗಿಟ್ಟಿತು.

ಹೊರಗಿಟ್ಟದ್ದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ ದತ್ತಿ, ಉಂಬಳಿ, ದೇವರ ಹೆಸರಿನ ಜಮೀನುಗಳು ಇಂಗ್ಲಿಷ್ ಕಾನೂನು ಬರುವ ಎಷ್ಟೋ ಮೊದಲೇ ಇದ್ದವು. ಮಠಾಧಿಪತಿಯಾಗಲಿ ವಕ್ಫ್ ನೋಡಿಕೊಳ್ಳುವ ಮುತವಲ್ಲಿಯಾಗಲಿ ಇಂಗ್ಲಿಷ್ ಅರ್ಥದ ಟ್ರಸ್ಟಿ ಅಲ್ಲವೆಂದು ಪ್ರಿವಿ ಕೌನ್ಸಿಲ್ 1921ರಲ್ಲಿ ವಿದ್ಯಾವಾರುಥಿ ತೀರ್ಥರ ಪ್ರಕರಣದಲ್ಲಿ ಹೇಳಿತು. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ಇದೇ ಜಾಡಿನಲ್ಲಿ ನಡೆದು, ಮಠಾಧಿಪತಿಯ ಸ್ಥಾನದಲ್ಲಿ ಕರ್ತವ್ಯವೂ ಸ್ವಂತ ಹಿತವೂ ಬೆರೆತಿವೆ, ಅವರು ಬರೀ ಮ್ಯಾನೇಜರ್ ಅಲ್ಲ ಎಂದಿತು. ಹಾಗೆಂದು ಹೊಣೆ ಕಳಚುವುದಿಲ್ಲ. ಮಠದ ಆಸ್ತಿ ಮಠದ ಉದ್ದೇಶಕ್ಕೇ ಸಲ್ಲಬೇಕು.

ಕೂಟ, ನಗರ, ಬಂದರು, ಷೇರು

ಅದೇ 1882ರಲ್ಲಿ ಅಮೆರಿಕದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಟ್ರಸ್ಟ್ ರೂಪುಗೊಂಡಿತು. ಸುಮಾರು ನಲವತ್ತು ಕಂಪನಿಗಳ ಷೇರುದಾರರು ತಮ್ಮ ಷೇರುಗಳನ್ನು ಒಂಬತ್ತು ಟ್ರಸ್ಟಿಗಳಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆದರು. ಷೇರುದಾರರಿಗೆ ಲಾಭ ಸಂದಿತು, ನಿಜ. ಆದರೆ ಆ ಏರ್ಪಾಟಿನ ಗುರಿ ಪೈಪೋಟಿಯನ್ನು ಮುಗಿಸುವುದೇ ಆಗಿತ್ತು. ಎಣ್ಣೆ ಕೊಳ್ಳುವ ಜನರ ಬಗ್ಗೆ ಯಾವ ಹೊಣೆಯೂ ಅದರಲ್ಲಿರಲಿಲ್ಲ. ಸಕ್ಕರೆ, ವಿಸ್ಕಿ ಉದ್ಯಮಗಳೂ ಅದೇ ಹಾದಿ ಹಿಡಿದವು. 1890ರ ಶೆರ್ಮನ್ ಕಾಯ್ದೆ ಇವುಗಳ ವಿರುದ್ಧ ಬಂತು; 1911ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಟ್ಯಾಂಡರ್ಡ್ ಆಯಿಲ್ ಅನ್ನು ಒಡೆಯಲು ಆದೇಶಿಸಿತು. ಇವತ್ತಿಗೂ ಗೂಗಲ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳ ಮೇಲೆ ಅಲ್ಲಿ ಹೂಡುವ ಏಕಸ್ವಾಮ್ಯದ ಮೊಕದ್ದಮೆಗಳಿಗೆ ಆಂಟಿಟ್ರಸ್ಟ್ ಎಂಬ ಹೆಸರೇ ಇದೆ.

ಭಾರತದಲ್ಲಿ ಇನ್ನೊಂದು ಬಳಕೆ ಬೆಳೆಯಿತು: ನಗರ, ಬಂದರುಗಳನ್ನು ನೋಡಿಕೊಳ್ಳುವ ಮಂಡಳಿಗಳಿಗೂ ಟ್ರಸ್ಟ್ ಎಂಬ ಹೆಸರು ಬಂತು. ಪ್ಲೇಗ್ ಹಾವಳಿಯ ನಂತರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ 1945ರಲ್ಲಿ ಬಂದ ಸಿಐಟಿಬಿಯೂ (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಟ್ರಸ್ಟ್ ಮಂಡಳಿಯೇ; 1976ರಲ್ಲಿ ಅದರ ಜಾಗಕ್ಕೆ ಬಿಡಿಎ ಬಂತು. ನವಮಂಗಳೂರು ಸೇರಿ ದೊಡ್ಡ ಬಂದರುಗಳ ಪೋರ್ಟ್ ಟ್ರಸ್ಟ್‌ಗಳು 2021ರ ಕಾಯ್ದೆಯಿಂದ ಪ್ರಾಧಿಕಾರಗಳಾದವು.

ಹಣಕಾಸಿನಲ್ಲಿ ಮೂಲ ನಿಯಮ ಚೆನ್ನಾಗಿಯೇ ಉಳಿದಿದೆ. 1964ರಲ್ಲಿ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ ಆರಂಭವಾಯಿತು. ಸೆಬಿಯ 1996ರ ನಿಯಮಗಳು ಪ್ರತಿ ಮ್ಯೂಚುವಲ್ ಫಂಡ್ ಟ್ರಸ್ಟ್ ರೂಪದಲ್ಲೇ ಇರಬೇಕೆಂದು ವಿಧಿಸಿದವು. ಹಣ ತೊಡಗಿಸುವ ನಿರ್ಧಾರ ಒಬ್ಬರದು, ಅದರ ಮೇಲಿನ ಕಾವಲು ಟ್ರಸ್ಟಿಗಳದು.

ಕರಾರಿಲ್ಲದ ಟ್ರಸ್ಟ್

ಈ ಕಲ್ಪನೆಯನ್ನು ನೈತಿಕ ಎತ್ತರಕ್ಕೆ ಒಯ್ದವರು ಗಾಂಧೀಜಿ. ಲಂಡನ್ನಿನಲ್ಲಿ ಓದಿದ ಇಂಗ್ಲಿಷ್ ಕಾನೂನು ಮುಂದೆ ಗೀತೆಯ ಅಪರಿಗ್ರಹವನ್ನು ಅರ್ಥಮಾಡಿಕೊಳ್ಳಲು ನೆರವಾಯಿತೆಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಸಿರಿವಂತರು ತಮ್ಮ ಸಂಪತ್ತಿಗೆ ಟ್ರಸ್ಟಿಗಳು ಎಂಬ ಅವರ ವಾದ ಬೆಳೆದದ್ದು ಅಲ್ಲಿಂದ.

ನ್ಯಾಯಾಲಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಷಿಕಾಗೊ ತೀರದ ಮಿಷಿಗನ್ ಸರೋವರದ ತಳವನ್ನು ಸಾವಿರ ಎಕರೆಗೂ ಹೆಚ್ಚು ವಿಸ್ತಾರದಲ್ಲಿ ಇಲಿನಾಯ್ ಶಾಸನಸಭೆ ಒಂದು ರೈಲ್ವೆ ಕಂಪನಿಗೆ ಕೊಟ್ಟಿತ್ತು. ಜನರ ಪರವಾಗಿ ಹಿಡಿದಿಟ್ಟ ನೀರಿನ ಮೇಲಿನ ಹಿಡಿತವನ್ನು ಸರ್ಕಾರ ಹೀಗೆ ಬಿಟ್ಟುಕೊಡುವಂತಿಲ್ಲ ಎಂದು 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಈ ಪಬ್ಲಿಕ್ ಟ್ರಸ್ಟ್ ತತ್ವ ಭಾರತಕ್ಕೆ ಬಂದದ್ದು ಎಂ.ಸಿ. ಮೆಹ್ತಾ ವಿರುದ್ಧ ಕಮಲ್‌ನಾಥ್ ಪ್ರಕರಣದ ಮೂಲಕ. ಕುಲ್ಲು ಕಣಿವೆಯ ಮೋಟೆಲ್ ಒಂದನ್ನು ಕಾಪಾಡಲು ಬಿಯಾಸ್ ನದಿಯ ಹರಿವನ್ನೇ ತಿರುಗಿಸಲಾಗಿತ್ತು. ನದಿ, ಕಾಡು, ತೀರಗಳಿಗೆ ಸರ್ಕಾರ ಟ್ರಸ್ಟಿಯೇ ಹೊರತು ಮಾಲೀಕನಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ ಆ ಮೋಟೆಲ್‌ಗೆ ಕೊಟ್ಟಿದ್ದ ಜಮೀನಿನ ಗುತ್ತಿಗೆಯನ್ನು ರದ್ದುಪಡಿಸಿತು. 2012ರಲ್ಲಿ 122 ಟೆಲಿಕಾಂ ಪರವಾನಗಿಗಳು ರದ್ದಾದ 2ಜಿ ತರಂಗಾಂತರ ತೀರ್ಪಿನಲ್ಲೂ ಇದೇ ತರ್ಕವಿದೆ. ಇಲ್ಲಿ ಕರಾರುಪತ್ರವಿಲ್ಲ, ಸಹಿ ಇಲ್ಲ; ಇರುವುದು ಹೊಣೆ ಮಾತ್ರ.

ಲೆಕ್ಕ ಕೇಳುವವರು ಯಾರು?

ಈ ಹಿನ್ನೆಲೆಯಲ್ಲಿ ನಮ್ಮೂರಿನ ಟ್ರಸ್ಟ್‌ಗಳತ್ತ ಮರಳಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಖಾಸಗಿ ಟ್ರಸ್ಟ್‌ನ ಫಲಾನುಭವಿಗೆ ಡೀಡ್ ಮತ್ತು ಲೆಕ್ಕಪತ್ರ ನೋಡುವ ಹಕ್ಕು 1882ರ ಕಾಯ್ದೆಯ 57ನೇ ಸೆಕ್ಷನ್‌ನಲ್ಲೇ ಇದೆ. ಸಾರ್ವಜನಿಕ ಟ್ರಸ್ಟ್‌ನ ಫಲಾನುಭವಿಗಳು ನಾವೆಲ್ಲರೂ; ನಮಗೆ ಆ ಸಲೀಸು ಇಲ್ಲ. ಸ್ಥಿರಾಸ್ತಿಯಿಲ್ಲದೆ ಒಂದಿಷ್ಟು ನಗದಿನ ಮೂಲನಿಧಿಯಿಂದ ಶುರುವಾದ ಟ್ರಸ್ಟ್‌ನ ಡೀಡ್ ಸಬ್ ರಿಜಿಸ್ಟ್ರಾರ್ ಕಚೇರಿಯ ನಾಲ್ಕನೇ ಪುಸ್ತಕಕ್ಕೆ ಹೋಗುತ್ತದೆ. ನೋಂದಣಿ ಕಾಯ್ದೆಯ ಪ್ರಕಾರ ಒಂದನೇ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು, ನಾಲ್ಕನೆಯದರ ನಕಲು ಪತ್ರ ಬರೆದುಕೊಟ್ಟವರಿಗೂ ಅದರಡಿ ಹಕ್ಕುಳ್ಳವರಿಗೂ ಮಾತ್ರ. ಟ್ರಸ್ಟಿಗಳು ಯಾರು, ಅವರನ್ನು ಬದಲಿಸುವ ಕ್ರಮವೇನು, ಟ್ರಸ್ಟ್ ಮುಚ್ಚಿದರೆ ಆಸ್ತಿ ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಇರುವುದು ಆ ಡೀಡ್‌ನಲ್ಲೇ. ಅವ್ಯವಹಾರ ಕಂಡರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್‌ನಡಿ ಟ್ರಸ್ಟ್‌ನಲ್ಲಿ ಹಿತವುಳ್ಳ ಇಬ್ಬರು ಸೇರಿ, ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಆದರೆ ಒಳಗೇನಿದೆ ಎಂದು ತಿಳಿಯದೆ ದಾವೆ ಹೂಡುವುದಾದರೂ ಹೇಗೆ?

ಮಹಾರಾಷ್ಟ್ರದಲ್ಲಿ 1950ರ ಕಾಯ್ದೆಯಡಿ ಚಾರಿಟಿ ಕಮಿಷನರ್ ಇದ್ದಾರೆ. ಸಾರ್ವಜನಿಕ ಟ್ರಸ್ಟ್‌ಗಳು ಅಲ್ಲಿ ನೋಂದಣಿಯಾಗಿ ಲೆಕ್ಕ ಒಪ್ಪಿಸಬೇಕು. ಕರ್ನಾಟಕಕ್ಕೂ ಅಂಥದೊಂದು ವ್ಯವಸ್ಥೆ ಬೇಕು. ಡೀಡ್ ಮತ್ತು ವಾರ್ಷಿಕ ಲೆಕ್ಕ ಯಾರು ಕೇಳಿದರೂ ಸಿಗುವಂತಾದರೆ ಪ್ರಾಮಾಣಿಕವಾಗಿ ದುಡಿಯುವ ನೂರಾರು ಟ್ರಸ್ಟ್‌ಗಳಿಗೆ ನಷ್ಟವೇನೂ ಇಲ್ಲ, ಅವುಗಳ ಮೇಲಿನ ಜನರ ನಂಬಿಕೆ ಹೆಚ್ಚುತ್ತದೆ. 1726ರ ಆ ಅಪ್ರಾಪ್ತ ಮಗುವಿಗೆ ತನ್ನ ಪರವಾಗಿ ಲೆಕ್ಕ ಕೇಳುವ ನ್ಯಾಯಾಲಯವಿತ್ತು. ದಾನಿಗಳ ಹಣದಲ್ಲಿ ನಡೆಯುವ ಹಾಸ್ಟೆಲ್‌ನ ಹುಡುಗಿಗೂ ವೃದ್ಧಾಶ್ರಮದ ಅಜ್ಜನಿಗೂ ಅಷ್ಟು ರಕ್ಷಣೆಯನ್ನು ನಮ್ಮ ಕಾನೂನು ಕೊಡಲೇಬೇಕು.