ಕಿರಿಯರಿಗಾಗಿ ಹಿರಿಯರು ಕಟ್ಟಿದ ಶಿಬಿರ

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಪ್ರಾಚೀನರು ಹೇಳಿದ್ದಾರೆ: ದೇವಋಣ, ಋಷಿಋಣ, ಪಿತೃಋಣ. ಇವುಗಳಲ್ಲಿ ಕೊನೆಯ ಎರಡರ ಸ್ವರೂಪವನ್ನು ಗಮನಿಸಿದರೆ ಒಂದು ಸ್ವಾರಸ್ಯ ತೋರುತ್ತದೆ. ಸಾಲ ಕೊಟ್ಟವರಿಗೆ ಅದನ್ನು ಹಿಂದಿರುಗಿಸುವುದು ಲೋಕರೂಢಿ. ಆದರೆ ತಂದೆತಾಯಿಗಳಿಂದ ಪಡೆದ ಆರೈಕೆಯನ್ನು ನಾವು ತೀರಿಸುವುದು ನಮ್ಮ ಮಕ್ಕಳನ್ನು ಸಾಕಿ. ಗುರುಗಳಿಂದ ಪಡೆದ ವಿದ್ಯೆಯ ಋಣ ತೀರುವುದು ಅದನ್ನು ಮತ್ತೊಬ್ಬರಿಗೆ ದಾಟಿಸಿದಾಗ. ಪಡೆದದ್ದು ಹಿರಿಯರಿಂದ, ಕೊಡುವುದು ಕಿರಿಯರಿಗೆ.

ಮೂರು ದಶಕಗಳ ಅಧ್ಯಾಪನ ವೃತ್ತಿಯಲ್ಲಿ ಸ್ಕೌಟ್ ದಳವೊಂದರ ಹೊಣೆಯನ್ನೂ ಹೊತ್ತಿದ್ದ ನನಗೆ, ಈ ಮಾತಿಗೆ ಒಳ್ಳೆಯ ನಿದರ್ಶನ ದೊರೆತದ್ದು ಸ್ಕೌಟ್ ಶಿಬಿರಗಳ ಇತಿಹಾಸದಲ್ಲಿ. ಸಂಬಳದ ನೌಕರರಿಂದ ಈ ಚಳವಳಿ ಬೆಳೆಯಲಿಲ್ಲ. ನಿನ್ನೆ ಹುಡುಗರಾಗಿ ಡೇರೆಯಲ್ಲಿ ಮಲಗಿದವರು, ಇಂದು ಮರಳಿ ಬಂದು ಬೇರೆ ಹುಡುಗರಿಗಾಗಿ ಡೇರೆ ಕಟ್ಟಿದ್ದರಿಂದ ಬೆಳೆಯಿತು.

ಮೊದಲ ಶಿಬಿರದ ಕಥೆ ಅನೇಕರಿಗೆ ತಿಳಿದದ್ದೇ. 1907ರ ಆಗಸ್ಟ್ ತಿಂಗಳ ಮೊದಲ ವಾರ, ಇಂಗ್ಲೆಂಡಿನ ದಕ್ಷಿಣ ತೀರದಲ್ಲಿರುವ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಅವರು ಸುಮಾರು ಇಪ್ಪತ್ತು ಮಂದಿ ಹುಡುಗರನ್ನು ಕಲೆಹಾಕಿದರು. ಕೆಲವರು ಈಟನ್, ಹ್ಯಾರೋಗಳಂತಹ ಶ್ರೀಮಂತ ಶಾಲೆಗಳವರು. ಮಿಕ್ಕವರು ಪೂಲ್ ಮತ್ತು ಬೋರ್ನ್‌ಮತ್ ಊರುಗಳ ಸಾಮಾನ್ಯ ಮನೆತನಗಳ ಮಕ್ಕಳು. ಅವರನ್ನು ತೋಳ, ಕಾಡುಕಾಗೆ, ಗೂಳಿ, ಕರ್ಲ್ಯೂ ಎಂಬ ನೀರುಹಕ್ಕಿ – ಹೀಗೆ ನಾಲ್ಕು ತುಕಡಿಗಳಾಗಿ ವಿಂಗಡಿಸಿ, ಪ್ರತಿ ತುಕಡಿಗೂ ಅವರಲ್ಲೇ ಒಬ್ಬನನ್ನು ನಾಯಕನನ್ನಾಗಿ ಮಾಡಿದರು. ಈ ತುಕಡಿಯನ್ನೇ ನಾವು ಪೆಟ್ರೋಲ್ ಎನ್ನುತ್ತೇವೆ. ಒಬ್ಬ ಹುಡುಗನು ತನಗಿಂತ ಕಿರಿಯರಾದ ಕೆಲವರಿಗೆ ಹೊಣೆಗಾರನಾಗಬೇಕೆಂಬುದೇ ಅದರ ತಿರುಳು. ಮರುವರ್ಷ, 1908ರಲ್ಲಿ, ‘ಸ್ಕೌಟಿಂಗ್ ಫಾರ್ ಬಾಯ್ಸ್’ ಗ್ರಂಥವು ಆರು ಕಂತುಗಳಲ್ಲಿ ಪ್ರಕಟವಾಯಿತು. ಅದನ್ನು ಓದಿದ ಹುಡುಗರು ತಾವಾಗಿಯೇ ತಂಡ ಕಟ್ಟಿಕೊಂಡು ‘ನಮಗೊಬ್ಬ ಸ್ಕೌಟ್ ಮಾಸ್ಟರ್ ಬೇಕು’ ಎಂದು ಹಿರಿಯರನ್ನು ಹುಡುಕಿಕೊಂಡು ಹೊರಟರು.

ಆದರೆ ಇಂದು ನಾನು ಹೇಳಹೊರಟಿರುವುದು ಅಷ್ಟಾಗಿ ಪ್ರಚಾರಕ್ಕೆ ಬಾರದ ಮತ್ತೊಂದು ಶಿಬಿರದ ಕಥೆ. ಅದರ ಬೀಜ ಬಿದ್ದದ್ದು ಲಂಡನ್ ನಗರದ ಪೂರ್ವ ಭಾಗದಲ್ಲಿ. ಹಡಗುಕಟ್ಟೆಯ ಕೂಲಿಕಾರರು, ವಲಸೆ ಬಂದ ಬಡವರು ಒತ್ತಾಗಿ ಬದುಕುತ್ತಿದ್ದ ಪ್ರದೇಶವದು. ಅಲ್ಲಿನ ಸ್ಕೌಟ್ ಕಮಿಷನರ್ ಆಗಿದ್ದವರು ರೋಲಂಡ್ ಫಿಲಿಪ್ಸ್ ಎಂಬ ತರುಣ. ಶ್ರೀಮಂತ ಮನೆತನದ ಮಗನಾಗಿದ್ದರೂ ಆ ಬಡ ಹುಡುಗರ ನಡುವೆಯೇ ಇರಬೇಕೆಂದು ಸ್ಟೆಪ್ನಿ ಗ್ರೀನ್ ಎಂಬಲ್ಲಿ ಮನೆ ಮಾಡಿದರು. ಪೆಟ್ರೋಲ್ ಪದ್ಧತಿಯನ್ನು ಕುರಿತು ಅವರು ಬರೆದ ಪುಸ್ತಕವನ್ನು ಸ್ಕೌಟ್ ನಾಯಕರು ಇಂದಿಗೂ ಓದುತ್ತಾರೆ. ಮೊದಲನೆಯ ಮಹಾಯುದ್ಧ ಅವರನ್ನು ಸೆಳೆದೊಯ್ಯಿತು. 1916ರ ಜುಲೈ 7ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಅವರು ಮಡಿದರು. ಉಯಿಲು ತೆರೆದು ನೋಡಿದಾಗ, ತಮ್ಮ ಮನೆಯನ್ನು ಪೂರ್ವ ಲಂಡನ್ನಿನ ಸ್ಕೌಟರಿಗೆ ಬಿಟ್ಟುಕೊಟ್ಟಿದ್ದರು. ಅದೇ ಮುಂದೆ ‘ರೋಲಂಡ್ ಹೌಸ್’ ಎಂದು ಹೆಸರಾಯಿತು.

ಯುದ್ಧ ಮುಗಿಯುತ್ತಿದ್ದ 1918ರ ನವೆಂಬರಿನಲ್ಲಿ ಆ ಮನೆಯ ಊಟದ ಮೇಜಿನ ಬಳಿ ಒಂದು ಮಾತುಕತೆ ನಡೆಯಿತು. ಸ್ಕಾಟ್ಲೆಂಡಿನ ವರ್ತಕ, ಸ್ವತಃ ಸ್ಕೌಟ್ ಕಮಿಷನರ್ ಆಗಿದ್ದ ಡಬ್ಲ್ಯು. ಎಫ್. ಡಿ ಬೋಯ್ಸ್ ಮೆಕ್ಲಾರೆನ್ ಅವರು ಪೂರ್ವ ಲಂಡನ್ನಿನ ಹುಡುಗರಿಗೆ ಶಿಬಿರ ಹೂಡಲು ಒಂದು ಬಯಲೂ ಇಲ್ಲದಿರುವುದನ್ನು ಕಂಡು ಮರುಗಿದ್ದರು. ಜಾಗ ಹುಡುಕಿದರೆ ಹಣ ಕೊಡುವೆನೆಂದರು. ಹುಡುಕುವ ಕೆಲಸ ರೋಲಂಡ್ ಹೌಸಿನ ಪಿ. ಬಿ. ನೆವಿಲ್ ಅವರ ಪಾಲಿಗೆ ಬಂತು. ತರುಣ ಸಹಾಯಕ ಸ್ಕೌಟ್ ಮಾಸ್ಟರನೊಬ್ಬನು ಎಪ್ಪಿಂಗ್ ಕಾಡಿನ ಅಂಚಿನಲ್ಲಿದ್ದ ಗಿಲ್ವೆಲ್ ಎಂಬ ಎಸ್ಟೇಟಿನ ಸುಳಿವು ಕೊಟ್ಟನು. ಐವತ್ತಮೂರು ಎಕರೆ ಭೂಮಿ, ಪಾಳುಬಿದ್ದ ಒಂದು ದೊಡ್ಡ ಮನೆ, ಆಳೆತ್ತರ ಬೆಳೆದ ಪೊದೆ. ಮೆಕ್ಲಾರೆನ್ ಅವರು ಕೊಳ್ಳಲು 7,000 ಪೌಂಡುಗಳನ್ನೂ, ಮುಂದೆ ದುರಸ್ತಿಗಾಗಿ ಮತ್ತೆ 3,000 ಪೌಂಡುಗಳನ್ನೂ ಕೊಟ್ಟರು.

ಹಣದಿಂದ ಭೂಮಿ ಬಂತು, ಶಿಬಿರ ಬರಲಿಲ್ಲ. ಅದಕ್ಕೆ ಮೈ ಬಗ್ಗಿಸುವವರು ಬೇಕಿತ್ತು. ಬಂದವರು ರೋವರುಗಳು. ಹದಿಹರೆಯ ದಾಟಿದ ಸ್ಕೌಟರಿಗಾಗಿ ಆಗತಾನೆ ರೂಪುಗೊಂಡಿದ್ದ ಈ ಶಾಖೆಯ ಧ್ಯೇಯವಾಕ್ಯ ‘ಸೇವೆ’ ಎಂಬ ಒಂದೇ ಶಬ್ದ. 1919ರ ಏಪ್ರಿಲ್ 17, ಈಸ್ಟರ್ ರಜೆಯ ಮುನ್ನಾದಿನಗಳು. ಪೂರ್ವ ಲಂಡನ್ನಿನ ರೋವರುಗಳ ಗುಂಪೊಂದು ನೆವಿಲ್ ಅವರೊಡನೆ ಗಿಲ್ವೆಲ್‌ಗೆ ಬಂದಿಳಿಯಿತು. ನೆಲ ಎಷ್ಟು ತೇವವಾಗಿತ್ತೆಂದರೆ ಡೇರೆ ಹಾಕಲಾಗಲಿಲ್ಲ. ತೋಟದ ಮಾಲಿಯು ಸಲಕರಣೆಗಳನ್ನಿಡುತ್ತಿದ್ದ ಹಳೆಯ ಕೊಟ್ಟಿಗೆಯೊಂದರಲ್ಲಿ ಮಲಗಿದರು. ಅದಕ್ಕೆ ತಾವೇ ‘ಹಂದಿಗೂಡು’ ಎಂದು ಹೆಸರಿಟ್ಟು ನಕ್ಕರು. ಆ ಹೆಸರು ಗಿಲ್ವೆಲ್ಲಿನ ಇತಿಹಾಸದಲ್ಲಿ ಶಾಶ್ವತವಾಯಿತು.

ಓದುಗ ಮಿತ್ರರೇ, ಆ ಕಾಲವನ್ನು ನೆನೆಯಿರಿ. ನಾಲ್ಕು ವರ್ಷಗಳ ಯುದ್ಧ ಮುಗಿದು ಐದಾರು ತಿಂಗಳಾಗಿತ್ತು. ಆ ನಗರದಲ್ಲಿ ಅಣ್ಣನನ್ನೋ ಗೆಳೆಯನನ್ನೋ ತಮ್ಮ ಸ್ಕೌಟ್ ಮಾಸ್ಟರನನ್ನೋ ಕಳೆದುಕೊಳ್ಳದ ತರುಣ ಅಪರೂಪ. ಹಗಲೆಲ್ಲ ದುಡಿಯುವ ವರ್ಗದವರಿಗೆ ಈಸ್ಟರ್ ರಜೆಯೆಂದರೆ ವರ್ಷದಲ್ಲಿ ಸಿಗುವ ಬೆರಳೆಣಿಕೆಯ ಬಿಡುವಿನ ದಿನಗಳು. ಅಂತಹ ದಿನಗಳನ್ನು ತಾವು ಮುಖ ಕಂಡರಿಯದ ಪುಟ್ಟ ಹುಡುಗರಿಗಾಗಿ ಪೊದೆ ಕಡಿಯುವುದರಲ್ಲಿ, ದಾರಿ ಸವರುವುದರಲ್ಲಿ ಕಳೆದರು. ಫಿಲಿಪ್ಸ್ ಮತ್ತೆ ಬರುವಂತಿರಲಿಲ್ಲ. ಅವರ ಋಣವನ್ನು ಅವರಿಗೇ ತೀರಿಸುವ ದಾರಿ ಮುಚ್ಚಿಹೋಗಿತ್ತು. ಉಳಿದಿದ್ದದ್ದು ಮುಂದಿನವರಿಗೆ ಕೊಡುವ ದಾರಿಯೊಂದೇ.

1919ರ ಜುಲೈ 26ರಂದು ಗಿಲ್ವೆಲ್ ವಿಧ್ಯುಕ್ತವಾಗಿ ತೆರೆಯಿತು. ಅದೇ ಸೆಪ್ಟೆಂಬರಿನಲ್ಲಿ ಸ್ಕೌಟ್ ಮಾಸ್ಟರುಗಳ ಮೊದಲ ತರಬೇತಿ ಶಿಬಿರವೂ ಅಲ್ಲಿ ನಡೆಯಿತು. ಹುಡುಗರ ಬಯಲು ಶಿಕ್ಷಕರ ಪಾಠಶಾಲೆಯೂ ಆಯಿತು. ವುಡ್ ಬ್ಯಾಡ್ಜ್ ಪಡೆದವರು ಧರಿಸುವ ಗಿಲ್ವೆಲ್ ಸ್ಕಾರ್ಫಿನ ಹಿಂಬದಿಯಲ್ಲಿ ಚೌಕಳಿ ಬಟ್ಟೆಯ ಒಂದು ತುಂಡನ್ನು ಹೊಲಿದಿರುತ್ತಾರೆ. ಅದು ಮೆಕ್ಲಾರೆನ್ ಮನೆತನದ ಟಾರ್ಟನ್. ದಾನಿಯ ನೆನಪು ಹೀಗೆ ಬಟ್ಟೆಯಲ್ಲಿ ಉಳಿಯಿತು; ರೋವರುಗಳ ನೆನಪು ಆ ನೆಲದಲ್ಲಿ ಉಳಿಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲೇ, ಕ್ಯಾಪ್ಟನ್ ಟಿ. ಎಚ್. ಬೇಕರ್ ಅವರಿಂದ ಆರಂಭವಾಯಿತೆಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ. ಆದರೆ ಅಂದಿನ ದಳಗಳಲ್ಲಿ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಮಾತ್ರ ಪ್ರವೇಶ. ನಮ್ಮ ಮಕ್ಕಳು ಬೇಲಿಯಾಚೆ ನಿಂತು ನೋಡಬೇಕಾಗಿತ್ತು. ಆಗ ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಿ. ಎಸ್. ಅರುಂಡೇಲ್ ಅವರೂ, ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರೂ ಭಾರತೀಯ ಮಕ್ಕಳಿಗಾಗಿ ಪ್ರತ್ಯೇಕ ಸಂಸ್ಥೆಗಳನ್ನು ಕಟ್ಟಿದರು. ತಾವು ಬಾಲ್ಯದಲ್ಲಿ ಪಡೆಯದಿದ್ದುದನ್ನು ಮುಂದಿನ ಪೀಳಿಗೆಗೆ ಒದಗಿಸಿದ ಇವರ ಔದಾರ್ಯ ಇನ್ನೂ ದೊಡ್ಡದು. ಸ್ವಾತಂತ್ರ್ಯಾನಂತರ 1950ರ ನವೆಂಬರ್ 7ರಂದು ಬೇರೆ ಬೇರೆ ಸ್ಕೌಟ್ ಸಂಸ್ಥೆಗಳು ಒಂದುಗೂಡಿ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ರೂಪುಗೊಂಡಿತು. 1951ರಲ್ಲಿ ಗೈಡ್ಸ್ ಸಂಸ್ಥೆಯೂ ಅದರೊಡನೆ ಸೇರಿತು.

ದೊಡ್ಡಬಳ್ಳಾಪುರದಲ್ಲಿ ಆನಿ ಬೆಸೆಂಟ್ ಅವರ ಹೆಸರಿನ ಶಿಬಿರತಾಣವಿದೆ. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆಯ ಮಗ್ಗುಲಲ್ಲಿ ಮತ್ತೊಂದು ಕೇಂದ್ರವಿದೆ. ಆ ಊರಿನವರೇ ಆದ ಕೊಂಡಜ್ಜಿ ಬಸಪ್ಪನವರು ರಾಜ್ಯದಲ್ಲಿ ಈ ಚಳವಳಿಗಾಗಿ ದುಡಿದವರು. ಬೆಂಗಳೂರಿನ ಅರಮನೆ ರಸ್ತೆಯ ಸ್ಕೌಟ್ ಕಚೇರಿಯ ಸಭಾಂಗಣಕ್ಕೆ ಅವರದೇ ಹೆಸರು. ಈ ತಾಣಗಳಲ್ಲಿ ಮಲಗಿ ಎದ್ದು ಬಂದ ಸಾವಿರಾರು ಮಕ್ಕಳಲ್ಲಿ ಎಷ್ಟು ಮಂದಿ ಮತ್ತೆ ಕಿರಿಯರ ಕೈ ಹಿಡಿದು ಅಲ್ಲಿಗೆ ಹೋದರು ಎಂಬುದೇ ಮುಖ್ಯವಾದ ಪ್ರಶ್ನೆ.

ಏಕೆಂದರೆ ಶಿಬಿರವೆಂಬುದು ಮಕ್ಕಳು ಬಸ್ಸಿನಿಂದ ಇಳಿದಾಗ ಆರಂಭವಾಗುವುದಿಲ್ಲ. ಎರಡು ದಿನ ಮುಂಚೆ ಹೋದವರು ನೀರಿನ ಮೂಲ ನೋಡಬೇಕು. ಕೆರೆಯ ಆಳ ತಿಳಿದು ಮಕ್ಕಳು ದಾಟಬಾರದ ಗಡಿಗೆ ಹಗ್ಗ ಕಟ್ಟಬೇಕು. ಗಾಳಿ ಬೀಸುವ ದಿಕ್ಕನ್ನು ಗಮನಿಸಿ, ಹೊಗೆ ಡೇರೆಗಳತ್ತ ಬಾರದಂತೆ ಒಲೆ ಹೂಡಬೇಕು. ಶೌಚದ ಗುಂಡಿಗಳನ್ನು ನೀರಿನಿಂದ ದೂರ, ತಗ್ಗಿನ ಕಡೆ ತೋಡಬೇಕು. ಮಳೆ ಬಂದರೆ ನೀರು ಒಳನುಗ್ಗದಂತೆ ಡೇರೆಯ ಸುತ್ತ ಕಾಲುವೆ ತೆಗೆಯಬೇಕು. ಒಣ ಸೌದೆ, ಅಕ್ಕಿ, ಬೇಳೆ, ಲಾಟೀನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹತ್ತಿರದ ಆಸ್ಪತ್ರೆಯ ದಾರಿ – ಇವೆಲ್ಲ ಮೊದಲೇ ಸಿದ್ಧವಿರಬೇಕು. ಮಕ್ಕಳ ನೆನಪಿನಲ್ಲಿ ಉಳಿಯುವುದು ಶಿಬಿರಾಗ್ನಿಯ ಹಾಡು ಮಾತ್ರ. ಗುಂಡಿ ತೋಡಿದವನನ್ನು ಯಾರೂ ನೆನೆಯುವುದಿಲ್ಲ. ನೆನೆಯಲೆಂದು ಅವನು ತೋಡಿರುವುದೂ ಇಲ್ಲ.

ನಿವೃತ್ತಿಗೆ ಕೆಲವು ವರ್ಷಗಳ ಮುಂಚೆ ನನ್ನ ದಳದ ಹಳೆಯ ಹುಡುಗರು ಆರು ಮಂದಿ ಒಟ್ಟಾಗಿ ಬಂದು, ಎಂಟನೆಯ ತರಗತಿಯ ಮಕ್ಕಳಿಗೆ ಮೂರು ದಿನಗಳ ಶಿಬಿರವನ್ನು ತಾವೇ ನಡೆಸಿಕೊಡುವೆವೆಂದರು. ಅವರಲ್ಲಿ ಒಬ್ಬ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್, ಒಬ್ಬ ದರ್ಜಿ, ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಇಬ್ಬರು ಬೇಸಾಯಗಾರರು. ಹರಿದ ಡೇರೆಗಳನ್ನು ದರ್ಜಿ ಹೊಲಿದ. ಬೇಸಾಯಗಾರರು ತರಕಾರಿ ತಂದರು. ಶಾಲೆಯಲ್ಲಿದ್ದಾಗ ಗಣಿತದಲ್ಲಿ ಸದಾ ಹಿಂದೆ ಬೀಳುತ್ತಿದ್ದ ಲೈನ್‌ಮನ್ ಹುಡುಗನು ಕಣ್ಣು ಮುಚ್ಚಿ ಗಂಟು ಹಾಕುವುದನ್ನು ಮಕ್ಕಳಿಗೆ ಕಲಿಸುತ್ತಿದ್ದ. ‘ಸಾರ್, ಕಂಬ ಹತ್ತಿದಾಗ ನನ್ನ ಜೀವ ಈ ಗಂಟಿನ ಮೇಲೇ ಇರೋದು’ ಎಂದು ಅವನು ಹೇಳಿದಾಗ ಸುತ್ತ ಕುಳಿತಿದ್ದ ಮಕ್ಕಳ ಕೈಗಳು ತಟ್ಟನೆ ಎಚ್ಚರಗೊಂಡವು. ನಾನು ಹತ್ತು ಸಲ ಕಪ್ಪುಹಲಗೆಯ ಮೇಲೆ ಬರೆದರೂ ಆ ಎಚ್ಚರ ಬರುತ್ತಿರಲಿಲ್ಲ. ಕಿರಿಯರಿಗೆ ಶಿಕ್ಷಕನಿಗಿಂತ ಅಣ್ಣನ ಮಾತು ಹೆಚ್ಚು ನಾಟುತ್ತದೆ. ಬೇಡನ್ ಪೊವೆಲ್ ಅವರ ಪೆಟ್ರೋಲ್ ಪದ್ಧತಿಯ ಗುಟ್ಟೂ ಅದೇ.

ಇತ್ತೀಚೆಗೆ ಈ ಸರಪಳಿ ಸಡಿಲವಾಗುತ್ತಿದೆಯೆಂಬ ಆತಂಕ ನನಗಿದೆ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ – ಹೀಗೆ ಮೆಟ್ಟಿಲುಗಳನ್ನು ಮಕ್ಕಳು ಉತ್ಸಾಹದಿಂದಲೇ ಏರುತ್ತಾರೆ. ಪ್ರಮಾಣಪತ್ರ ಕೈಸೇರಿದ ಮೇಲೆ ಅನೇಕರ ಸ್ಕಾರ್ಫ್ ಪೆಟ್ಟಿಗೆಯ ತಳ ಸೇರುತ್ತದೆ. ಹತ್ತನೆಯ ತರಗತಿ ಮುಗಿದೊಡನೆ ದಳದ ನಂಟು ಕಡಿಯುತ್ತದೆ. ಇಪ್ಪತ್ತೈದು ವರ್ಷದವರೆಗಿನ ತರುಣರಿಗಾಗಿ ರೋವರ್, ರೇಂಜರ್ ಶಾಖೆಗಳು ಇವೆಯೆಂಬುದೇ ಎಷ್ಟೋ ಪೋಷಕರಿಗೆ ತಿಳಿಯದು. ಮಕ್ಕಳನ್ನು ದೂಷಿಸಿ ಫಲವಿಲ್ಲ. ಪ್ರವೇಶ ಪರೀಕ್ಷೆಗಳ ಒತ್ತಡವನ್ನು ಅವರ ಮೇಲೆ ಹೇರಿದವರು ನಾವೇ. ಊಟ, ವಸತಿ, ಆಟ ಎಲ್ಲವನ್ನೂ ಹಣ ತೆತ್ತು ಕೊಳ್ಳುವ ಶಿಬಿರಗಳೂ ಈಗ ಹೇರಳವಾಗಿವೆ. ಅವುಗಳಿಂದ ಮಕ್ಕಳಿಗೆ ಸಂತೋಷವಾಗುವುದು ನಿಜ. ಆದರೆ ಕೊಂಡುತಂದ ಶಿಬಿರದಲ್ಲಿ ಲೆಕ್ಕ ಅಲ್ಲಿಗೇ ಚುಕ್ತಾ. ಮುಂದೆ ಸಾಗಿಸಬೇಕಾದ ಋಣ ಯಾವುದೂ ಉಳಿಯುವುದಿಲ್ಲ.

ಈ ಬರಹವನ್ನು ಓದುತ್ತಿರುವವರಲ್ಲಿ ಹಳೆಯ ಸ್ಕೌಟರು, ಗೈಡುಗಳು ಇದ್ದರೆ ಅವರಲ್ಲಿ ನನ್ನದೊಂದು ವಿನಂತಿ. ದಾನಿಯಾಗಲು ಸಾವಿರಾರು ಪೌಂಡು ಬೇಕಿಲ್ಲ. ಮುಂದಿನ ರಜೆಯಲ್ಲಿ ಎರಡು ದಿನ ಬಿಡುವು ಮಾಡಿಕೊಂಡು ನೀವು ಓದಿದ ಶಾಲೆಗೆ ಹೋಗಿ. ಈಗಿನ ಸ್ಕೌಟ್ ಮಾಸ್ಟರನ್ನು ಕಂಡು, ‘ಶಿಬಿರಕ್ಕೆ ಮುಂಚಿತವಾಗಿ ಹೋಗಿ ಗುಂಡಿ ತೋಡಲು ನಾನು ಬರಲೇ?’ ಎಂದು ಕೇಳಿ. ಒಬ್ಬನೇ ಶಿಕ್ಷಕ ಮೂವತ್ತು ಮಕ್ಕಳನ್ನು ಕರೆದೊಯ್ಯಲು ಅಂಜುವಲ್ಲಿ, ಇನ್ನೆರಡು ಕೈಗಳು ಕೂಡಿದರೆ ಆ ವರ್ಷದ ಶಿಬಿರ ರದ್ದಾಗದೆ ಉಳಿಯುತ್ತದೆ. ನಿಮ್ಮನ್ನು ಕರೆದೊಯ್ದವರು ಇಂದು ಇಲ್ಲದಿರಬಹುದು, ಇದ್ದರೂ ನಡೆಯಲಾರದಷ್ಟು ಮುದಿಯಾಗಿರಬಹುದು. ಅವರಿಗೆ ಸಲ್ಲಬೇಕಾದದ್ದನ್ನು ಸ್ವೀಕರಿಸಲು ಎಂಟನೆಯ ತರಗತಿಯಲ್ಲಿ ಮೂವತ್ತು ಮಕ್ಕಳು ಕಾಯುತ್ತಿದ್ದಾರೆ.